ಸ್ವಲ್ಪ ಹುಷಾರಿಲ್ಲವಂತೆ

ನಮ್ಮ ಕಡೆ ಕೆಟ್ಟ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ನನ್ನ ತಾತನ ಕೊನೆಗಾಲದಲ್ಲಿ ತುರುವೇಕೆರೆಯಿಂದ ಸುದ್ದಿ ತಂದವನು ಜಗಲಿಯ ಮೇಲೆ ಕೂತು ಕಾಫಿ ಕುಡಿದ, ಕೊಬ್ಬರಿ ರೇಟು ಕೇಳಿದ, ಲೋಟ ಕೆಳಗಿಡುತ್ತಾ, "ನಿಮ್ಮಪ್ಪಂಗೆ ಸ್ವಲ್ಪ ಹುಷಾರಿಲ್ಲ ಕಣಕ್ಕ, ಒಂದ್ಸಲ ಬಂದ್ ಹೋಗು" ಅಂದ. ಅವ್ವ ಮರುಮಾತಾಡದೆ ಒಲೆಗೆ ನೀರು ಚಿಮುಕಿಸಿ ಹೊರಟಳು. ಸ್ವಲ್ಪ ಹುಷಾರಿಲ್ಲ ಅಂದರೆ ಕೈಯಲ್ಲಿದ್ದದ್ದು ಬಿಟ್ಟು ಬಾ ಅಂತ. ಸೀರಿಯಸ್ ಅಂದರೆ ಮುಗಿದುಹೋಯಿತು ಅಂತ. ಇದನ್ನು ನಮಗೆ ಯಾರೂ ಕಲಿಸುವುದಿಲ್ಲ, ಹೇಗೋ ಬಂದುಬಿಡುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದೆ. ಹಿಂದಿನ ಕೋಣೆಗೆ ಡೆನ್ಮಾರ್ಕಿನ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಪೋಲಿಯೊ ಆದ ಹಳ್ಳಿ ಮಕ್ಕಳಿಗೆ ನಡೆಯುವುದನ್ನು ಕಲಿಸಲು ಸಂಬಳವಿಲ್ಲದೆ ಒಂದು ವರ್ಷ ಕೆಲಸ ಮಾಡಲು ಬಂದವಳು. ಇಂಗ್ಲಿಷ್ ಬರುತ್ತದೆಂದು ಅವಳ ಮಾತನ್ನು ತಾಯಂದಿರಿಗೆ, ತಾಯಂದಿರ ಮಾತನ್ನು ಅವಳಿಗೆ ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. ಮಧ್ಯಾಹ್ನ ಅವ್ವನನ್ನು ಬೂತಿನಲ್ಲಿ ಕೂರಿಸಿ, ಅವಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹಾಲ್ಕುರಿಕೆ, ಸಂಪಿಗೆ ಅಂತ ಹಳ್ಳಿ ಹಳ್ಳಿ ತಿರುಗುತ್ತಿದ್ದೆ. ಊರಿನವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ, ಆಡಿಕೊಂಡರು. ನನಗೆ ಒಳಗೊಳಗೇ ಖುಷಿಯೇ ಆಗುತ್ತಿತ್ತು.

ಅವಳು ಎಲ್ಲವನ್ನೂ ನೇರವಾಗಿ ಹೇಳುವವಳು. ಸಾರಿಗೆ ಉಪ್ಪು ಜಾಸ್ತಿಯಾದರೆ ಅವ್ವನ ಮುಖ ನೋಡಿಯೇ ಹೇಳುತ್ತಿದ್ದಳು. ಅವ್ವನಿಗೆ ಮೊದಮೊದಲು ಸಿಟ್ಟು ಬಂತು, ಆಮೇಲೆ ಅವಳ ಮೇಲೆ ಪ್ರೀತಿ ಬಂತು. ಒಂದು ದಿನ ಸಂಪಿಗೆಯ ದಾರಿಯಲ್ಲಿ ಮೊಪೆಡ್ ಕೆಟ್ಟು ತಳ್ಳಿಕೊಂಡು ಬರುತ್ತಿದ್ದಾಗ, "ನಾನು ಅಂದ್ರೆ ನಿನಗೆ ಇಷ್ಟಾನಾ?" ಅಂತ ತನ್ನ ಮುರುಕು ಕನ್ನಡದಲ್ಲಿ ಕೇಳಿದಳು. ನಾಚಿಕೆಯಿಂದ ಸತ್ತು ಹೋದ ಹಾಗಾಗಿ "ಹಂಗೇನಿಲ್ಲ" ಅಂದೆ. ನಮ್ಮೂರ ಹುಡುಗಿಯಾಗಿದ್ದರೆ ಅಷ್ಟರಲ್ಲೇ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಇವಳು ಸರಿ ಅಂದು ಯಾವುದೋ ಮಗುವಿನ ಕಾಲಿಗೆ ಕಟ್ಟುವ ಕ್ಯಾಲಿಪರಿನ ವಿಷಯ ಮಾತಾಡತೊಡಗಿದಳು. ಒಂದು ವಾರ ಊಟ ಸೇರದೆ ಒದ್ದಾಡಿ, ಕೊನೆಗೆ ಅದೇ ದಾರಿಯಲ್ಲಿ ಇಷ್ಟ ಅಂತ ಬಾಯಿಬಿಟ್ಟು ಹೇಳಿದೆ. ಅವತ್ತೇ ಯಾಕೆ ಹೇಳಲಿಲ್ಲ ಅಂತ ಬಿದ್ದು ಬಿದ್ದು ನಕ್ಕಳು. ಆದ್ದರಿಂದ ಅವಳು ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುವವಳು ಅನ್ನುವುದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಅವಳು ಊರಿಗೆ ಮರಳುವ ತಿಂಗಳು ಹತ್ತಿರವಾಗಿತ್ತು. ಅದಕ್ಕೆ ಮೊದಲು ಬೆಂಗಳೂರಿನ ಡಾಕ್ಟರುಗಳು ಬಂದು ಯಾವ ಮಗುವಿನ ಕಾಲಿಗೆ ಆಪರೇಷನ್ ಮಾಡಬಹುದೆಂದು ನೋಡುವ ಕ್ಯಾಂಪ್ ಒಂದಿತ್ತು. ಅದಕ್ಕೆ ಇನ್ನೂ ನಾಲ್ಕೈದು ದಿನ ಇರುವಾಗ ಬೂತಿಗೆ ಅವಳ ಅಣ್ಣನ ಫೋನ್ ಬಂತು. ಅವಳು ಚಿಕ್ಕನಾಯಕನಹಳ್ಳಿ ಕಡೆ ಹೋಗಿದ್ದಳು. ಅಮ್ಮ ಹೆಚ್ಚು ದಿನ ಉಳಿಯುವುದಿಲ್ಲ, ನಾವೆಲ್ಲ ಆಸ್ಪತ್ರೆಯಲ್ಲೇ ಇದ್ದೇವೆ, ಅವಳು ಕೂಡಲೇ ಹೊರಡಲಿ ಅಂತ ಅವನು ಬಿಡಿಸಿ ಬಿಡಿಸಿ ಹೇಳಿದ. ಅವರ ಮನೆಯವರೆಲ್ಲ ಹಾಗೇ.

ಸಂಜೆ ಬಸ್ಸಿಳಿದು ಬಂದವಳ ಕೈಕಾಲೆಲ್ಲ ಧೂಳು, ಮುಖದ ತುಂಬ ನಗು. ಒಂದು ಹುಡುಗಿ ಕೋಲಿಲ್ಲದೆ ನಾಲ್ಕು ಹೆಜ್ಜೆ ಇಟ್ಟಳಂತೆ. ಅದನ್ನೆಲ್ಲ ಕೇಳಿ, ಆಮೇಲೆ ಹೇಳಿದೆ: ನಿಮ್ಮಣ್ಣ ಫೋನ್ ಮಾಡಿದ್ದರು, ನಿಮ್ಮಮ್ಮನಿಗೆ ಸ್ವಲ್ಪ ಹುಷಾರಿಲ್ಲವಂತೆ, ಒಂದು ಸಲ ಬಂದು ಹೋಗು ಅಂದರು.

ಎಷ್ಟು ಹುಷಾರಿಲ್ಲ ಅಂತ ಕೇಳಿದಳು. ಸ್ವಲ್ಪ ಅಂದೆ.

ಕೂಡಲೇ ಮನೆಗೆ ಫೋನ್ ಮಾಡಿದಳು. ಗಂಟೆ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಮರುದಿನವೂ ಹಾಗೇ ಆಯಿತು. "ಎಲ್ಲರೂ ಹೊರಗೆ ಹೋಗಿದಾರೆ. ಅಮ್ಮ ಹೊರಗೆ ಹೋಗ್ತಾಳೆ ಅಂದ್ರೆ ಚೆನ್ನಾಗಿದಾಳೆ" ಅಂದಳು. ಅವರೆಲ್ಲ ಎಲ್ಲಿದ್ದಾರೆಂದು ತಿಳಿದಿದ್ದ ನಾನು ಎದುರಿಗೇ ಕೂತಿದ್ದೆ. ಕ್ಯಾಂಪ್ ಮುಗಿಸಿಯೇ ಹೋಗುತ್ತೇನೆ ಅಂತ ಅವಳು ಅಂದಾಗ ಎದೆಯಲ್ಲಿ ಏನೋ ಹಗುರವಾಯಿತು. ಆ ಹಗುರವನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕ್ಯಾಂಪಿನ ಎರಡನೆಯ ದಿನ ಅಣ್ಣ ಮತ್ತೆ ಫೋನ್ ಮಾಡಿದ. ಅಮ್ಮ ಹೋದಳು ಅಂದ. ತಂಗಿ ದಾರಿಯಲ್ಲಿರಬಹುದು ಅಂದುಕೊಂಡಿದ್ದನಂತೆ, ಇನ್ನೂ ಅಲ್ಲೇ ಇದ್ದಾಳಾ ಅಂತ ಎರಡು ಸಲ ಕೇಳಿದ. ಈಗಲಾದರೂ ಹೋಗಿ ಹೇಳು ಅಂದು ಇಟ್ಟ. ಪಕ್ಕದಲ್ಲಿದ್ದ ಅವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಮೊದಲನೆಯ ಸಲ ಏನಂತ ಹೇಳಿದ್ದೆ ಅಂತ ಕೇಳಿದಳು. ಹೇಳಿದೆ.

"ಹಂಗ್ ಹೇಳೋದು ನಮ್ಮೋರಿಗೆ ಕಣಪ್ಪ. ಆ ಮಗೀಗೆ ಹೆಂಗ್ ತಿಳೀಬೇಕು? ಈಗ್ಲಾದ್ರೂ ಬಿಡ್ಸಿ ಹೇಳ್ಬುಡು."

ಆಯಿತು ಅಂದು ಕ್ಯಾಂಪಿಗೆ ಹೋದವನು ಅವಳಿಗೆ ಸೀರಿಯಸ್ ಅಂತೆ ಅಂದೆ. ಅವಳು ಮನೆಗೆ ಓಡಿ ಬಂದು ಫೋನ್ ಮಾಡಬೇಕು ಅಂದಾಗ ರಾತ್ರಿಯ ವಿಮಾನ ತಪ್ಪುತ್ತದೆ ಅಂದು ಕೈ ಹಿಡಿದು ಬಾಡಿಗೆ ಕಾರು ಹತ್ತಿಸಿದೆ. ಕಾರು ಹತ್ತುವ ಮುಂಚೆ ಅವಳು ಅಟ್ಟಕ್ಕೆ ಹತ್ತಿ ಒಣಗಿದ ಒಂದು ಕಾಯಿ ತಂದಿದ್ದಳು. ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಸದ್ದು ಮಾಡುವುದನ್ನು ಅಮ್ಮನಿಗೆ ಕೇಳಿಸಬೇಕಂತೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಬೆಂಗಳೂರಿನವರೆಗೂ ಆ ಕಾಯಿ ಅವಳ ಮಡಿಲಲ್ಲಿ ಗಡಗಡ ಅನ್ನುತ್ತಿತ್ತು. ಅಮ್ಮ ಸಿಗುತ್ತಾಳಲ್ಲವಾ ಅಂತ ದಾರಿಯುದ್ದಕ್ಕೂ ಕೇಳಿದಳು, ಸಿಗುತ್ತಾರೆ ಅಂದೆ. ಒಬ್ಬಳೇ ಅಷ್ಟು ದೂರ ಅಳುತ್ತಾ ಹೋಗುವುದು ಬೇಡ ಅನ್ನಿಸಿತ್ತು ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಅವಳ ಅಳುವನ್ನು ನೋಡುವ ಧೈರ್ಯ ನನಗಿರಲಿಲ್ಲ, ನಿಜ ಅಂದರೆ ಅಷ್ಟೇ.

ಒಂದು ತಿಂಗಳಾದ ಮೇಲೆ ಅವಳ ಫೋನ್ ಬಂತು. ಅವ್ವ ಅಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಅಣ್ಣ ಮೊದಲ ದಿನವೇ ಎಲ್ಲ ಹೇಳಿದ್ದನಂತೆ, ನಿಜವಾ ಅಂತ ಕೇಳಿದಳು. ನಿಜ ಅಂದೆ. ನಾನು ಅಲ್ಲಿ ಕೂತು ಮನೆಗೆ ಫೋನ್ ಮಾಡುತ್ತಿದ್ದಾಗ ಅವರೆಲ್ಲ ಆಸ್ಪತ್ರೆಯಲ್ಲಿದ್ದದ್ದು ನಿನಗೆ ಗೊತ್ತಿತ್ತಾ ಅಂದಳು. ಗೊತ್ತಿತ್ತು ಅಂದೆ.

"ಯಾಕೆ ಹೇಳಲಿಲ್ಲ?"

ಇನ್ನೂ ಕೆಲವು ದಿನ ನೀನು ನನ್ನ ಕಣ್ಣೆದುರಿಗೆ ಇರಲಿ ಅಂತ. ಅದು ಗಂಟಲವರೆಗೂ ಬಂದಿತ್ತು.

"ನಮ್ಮ ಕಡೆ ಹಂಗೇ ಹೇಳೋದು" ಅಂದೆ.

ಹಾಗಾದರೆ ನಿನ್ನ ತಪ್ಪೇನೂ ಇಲ್ಲ, ನಾನೇ ನಿಮ್ಮ ಕಡೆಯ ರೀತಿ ಕಲಿತುಕೊಳ್ಳಲಿಲ್ಲ ಅಂದಳು. ಆ ಮಾತನ್ನೂ ಅವಳು ಇದ್ದ ಹಾಗೇ ತೆಗೆದುಕೊಂಡಳು. ನಾನು ತಿದ್ದಲಿಲ್ಲ. ಆಮೇಲೆ ಅವಳು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ರಿಸೀವರ್ ಇಟ್ಟಾಗ ಅವ್ವ ಏನಂತೆ ಅಂದಳು. ಏನಿಲ್ಲ, ಚೆನ್ನಾಗಿದ್ದಾಳಂತೆ ಅಂದೆ. ಅವ್ವ ನಮ್ಮ ಕಡೆಯವಳು, ಅವಳಿಗೆ ತಿಳಿಯಿತು. ಮೊರ ಎತ್ತಿಕೊಂಡು ಒಳಗೆ ಹೋದವಳು ಅವತ್ತು ನನ್ನನ್ನು ಊಟಕ್ಕೆ ಕರೆಯಲಿಲ್ಲ.