ಸ್ವಿಚ್ ಒಳಗೆ ಕಾಲಿಡದ ವಿಸಿಟರ್

ಕೊರೊನಾ ಮುಗಿದು ಆಫೀಸುಗಳು ಮತ್ತೆ ತುಂಬತೊಡಗಿದ್ದ ವರ್ಷ. ಜೆ.ಪಿ. ನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಕ್ನಿಕಲ್ ಲೀಡ್ ಆಗಿದ್ದೆ. ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಓದಿ ತಪ್ಪು ಹುಡುಕುವ ಟೂಲ್ ಒಂದನ್ನು ನಾವು ತಯಾರಿಸುತ್ತಿದ್ದೆವು. ಕನಕಪುರ ರಸ್ತೆಯಲ್ಲಿ ಕೋಣನಕುಂಟೆ ದಾಟಿದ ಮೇಲೆ ಸಿಗುವ, ಸಿರಿಂಜ್ ಪಂಪ್ ಮಾಡುವ ಕಂಪನಿಯೊಂದು ನಮ್ಮ ದೊಡ್ಡ ಗ್ರಾಹಕ. ಸಿರಿಂಜ್ ಪಂಪ್ ಎಂದರೆ ಐಸಿಯುನಲ್ಲಿ ರೋಗಿಯ ರಕ್ತನಾಳಕ್ಕೆ ಔಷಧವನ್ನು ನಿಧಾನವಾಗಿ, ಅಳತೆ ತಪ್ಪದಂತೆ ತಳ್ಳುವ ಯಂತ್ರ.

ನಮ್ಮ ಟೂಲ್ ಕೆಲಸ ಮಾಡುತ್ತಿದ್ದ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅದು ಮೊದಲು ಪ್ರೋಗ್ರಾಮನ್ನು ಬಿಡಿಸಿ ಮರದ ರೂಪಕ್ಕೆ ತರುತ್ತದೆ. ಲೂಪ್, ಇಫ್, ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ಸ್ವಿಚ್, ಕೂಡುವುದು, ಕಳೆಯುವುದು, ಎಲ್ಲವೂ ಆ ಮರದ ಅಂಶಗಳು. ಒಂದೊಂದು ಅಂಶದ ಬಳಿಗೂ ಹೋಗಿ ಪರೀಕ್ಷಿಸುವ ಕೋಡಿಗೆ ವಿಸಿಟರ್ ಎಂದೂ ಈ ವಿಧಾನಕ್ಕೆ ವಿಸಿಟರ್ ಪ್ಯಾಟರ್ನ್ ಎಂದೂ ಹೆಸರು. ನಮ್ಮ ಮನೆಗೆ ಕರೆಂಟ್ ಮೀಟರ್ ನೋಡುವವರು ಬರುತ್ತಾರೆ, ಪೋಲಿಯೋ ಹನಿ ಹಾಕುವವರೂ ಬರುತ್ತಾರೆ. ಅವರಿಗಾಗಿ ಮನೆಯನ್ನು ಬದಲಾಯಿಸಬೇಕಿಲ್ಲ. ಹಾಗೆಯೇ ಹೊಸ ತಪಾಸಣೆ ಬೇಕಾದಾಗ ಹೊಸ ವಿಸಿಟರ್ ಬರೆದರೆ ಸಾಕು, ಮರ ಹಾಗೇ ಇರುತ್ತದೆ. ಪ್ರತಿಯೊಂದು ಬಗೆಯ ಅಂಶಕ್ಕೂ ವಿಸಿಟರ್‌ನಲ್ಲಿ ಒಂದೊಂದು ಮೆಥಡ್, ಅಂದರೆ ಕೋಡಿನ ಒಂದು ತುಂಡು. ಆ ಅಂಶದ ಒಳಗೆ ಇಳಿದು ನೋಡಬೇಕು ಎನ್ನುವುದನ್ನೂ ಆ ಮೆಥಡ್‌ನಲ್ಲೇ ಬರೆಯಬೇಕು. ಮೆಥಡ್ ಖಾಲಿ ಇದ್ದರೆ ವಿಸಿಟರ್ ಬಾಗಿಲಿನಿಂದಲೇ ವಾಪಸ್.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನಮ್ಮ ಮ್ಯಾನೇಜರ್ ಮುರಳೀಧರ್. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೋರ್ಡಿನ ಮೇಲೆ ಮರ ಬರೆದು ಒಂದೊಂದೇ ಕೊಂಬೆ ತೋರಿಸಿ ಕಲಿಸಿದ್ದರು.

ಆ ವರ್ಷ ಗಿರಿಜಾ ಎಂಬ ಇಂಜಿನಿಯರ್ ನಮ್ಮ ಟೀಮಿಗೆ ಸೇರಿದಳು. ಗದಗದವಳು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗೆ ಇದ್ದಳು. ಟೂಲ್ ಕಲಿಯಲೆಂದು ಬೇಕಂತಲೇ ತಪ್ಪಿರುವ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಬರೆದು ಅದಕ್ಕೆ ತಿನ್ನಿಸುತ್ತಿದ್ದಳು. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಎತ್ತಿಕೊಂಡೇ ನನ್ನ ಟೇಬಲ್ಲಿಗೆ ಬಂದಳು.

“ಮೇಡಂ, ಇದೊಂದ್ ನೋಡ್ರಿ. ಇದ ತಪ್ಪನ್ನ ಹೊರಗ ಇಟ್ರ ವಾರ್ನಿಂಗ್ ಕೊಡತೈತಿ. ಸ್ವಿಚ್ ಒಳಗ ಇಟ್ರ ಸುಮ್ನ ಇರತೈತಿ.”

ನಾನು ಕೋಡ್ ತೆರೆದೆ. ಸ್ವಿಚ್‌ಗೆ ಇದ್ದ ಮೆಥಡ್‌ನಲ್ಲಿ ಹೆಸರು ಬಿಟ್ಟರೆ ಒಂದು ಸಾಲೂ ಇರಲಿಲ್ಲ. ಮೊದಲು ಇದ್ದ ಸಾಲುಗಳನ್ನು ಯಾರೋ ಅಳಿಸಿದ್ದರು. ಹಳೆಯ ದಾಖಲೆ ನೋಡಿದೆ. ಎರಡು ತಿಂಗಳ ಹಿಂದೆ ಬದಲಾಯಿಸಿದವರು ಮುರಳೀಧರ್. ಕಾರಣದ ಜಾಗದಲ್ಲಿ ‘ರಿಪೋರ್ಟ್ ಕ್ಲೀನಪ್’ ಎಂದಿತ್ತು. ಕೆಳಗೆ, ಓದಿ ಒಪ್ಪಿಗೆ ಕೊಟ್ಟವರ ಹೆಸರು. ನನ್ನದು.

ನಾನು ಓದಿರಲಿಲ್ಲ. ಅವರು ಬರೆದದ್ದಲ್ಲವೇ ಎಂದು ಬಟನ್ ಒತ್ತಿದ್ದೆ.

ಮಧ್ಯಾಹ್ನ ಅವರನ್ನು ಪಕ್ಕದ ದರ್ಶಿನಿಗೆ ಕರೆದುಕೊಂಡು ಹೋದೆ. ಕಾಫಿ ಬಂತು. ವಿಷಯ ಹೇಳಿದಾಗ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

“ನೋಡು ವಸುಧಾ, ಸ್ವಿಚ್ ಒಳಗಡೆ ನಾನೂರು ಚಿಲ್ಲರೆ ವಾರ್ನಿಂಗ್ ಬರ್ತಿತ್ತು. ಮುಕ್ಕಾಲುವಾಸಿ ಸುಳ್ಳು. ಪಂಪಿನವ್ರಿಗೆ ಆಡಿಟ್ ಇತ್ತು, ಕ್ಲೀನ್ ರಿಪೋರ್ಟ್ ಬೇಕಿತ್ತು.”

“ಸಾರ್, ನೋಡದೇ ಇರೋದನ್ನ ಸರಿ ಇದೆ ಅಂತ ಬರ್ಕೊಟ್ಟಿದೀವಿ.”

“ವಿಸಿಟರ್ ಹೋಗ್ತಾನೆ, ಬರ್ತಾನೆ. ಪ್ಯಾಟರ್ನ್‌ನಲ್ಲಿ ಏನೂ ತಪ್ಪಿಲ್ವಲ್ಲ?” ಎಂದು ನಕ್ಕರು. “ಮುಂದಿನ ವರ್ಷನ್‌ನಲ್ಲಿ ವಾಪಸ್ ಹಾಕೋಣ. ಹೊಸ ಫೀಚರ್ ಅಂತ ಹೇಳಿದ್ರಾಯ್ತು.”

ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದೆ. ಆ ನಗುವಿಗಿಂತ ಹೆಚ್ಚು ಹೇಸಿಗೆಯಾದದ್ದು ಅವರ ಲೆಕ್ಕಾಚಾರ: ನಾನು ಓದದೆ ಒಪ್ಪುತ್ತೇನೆ ಎಂದು ಗೊತ್ತಿದ್ದೇ ಅದನ್ನು ನನಗೆ ಕಳಿಸಿದ್ದರು.

ಆಫೀಸಿಗೆ ಬಂದವಳೇ ಅಳಿಸಿದ ಸಾಲುಗಳನ್ನು ವಾಪಸ್ ಹಾಕಿ ಪಂಪಿನ ಪ್ರೋಗ್ರಾಮಿನ ಮೇಲೆ ಟೂಲ್ ಓಡಿಸಿದೆ. 412 ವಾರ್ನಿಂಗ್. ನಾನು, ಗಿರಿಜಾ ಇಬ್ಬರೂ ಮೂರು ದಿನ ಕೂತು ಒಂದೊಂದನ್ನೂ ಓದಿದೆವು. ಮುರಳೀಧರ್ ಹೇಳಿದ್ದಕ್ಕಿಂತಲೂ ಹೆಚ್ಚೇ ಸುಳ್ಳುಗಳಿದ್ದವು, 409. ಉಳಿದ ಮೂರು ನಿಜ. ಅದರಲ್ಲಿ ಎರಡು ಸಣ್ಣವು.

ಮೂರನೆಯದು ಸಿರಿಂಜಿನ ಅಳತೆ ಆರಿಸುವ ಸ್ವಿಚ್ ಒಳಗೆ, ಐವತ್ತು ಎಂಎಲ್ ಸಿರಿಂಜಿನದು. ಮೋಟಾರಿನ ವೇಗವನ್ನು 255ರವರೆಗೆ ಮಾತ್ರ ಹಿಡಿಸುವ ಜಾಗದಲ್ಲಿ ಇಟ್ಟಿದ್ದರು. ಲೆಕ್ಕದ ಉತ್ತರ 260 ಬಂದರೆ ಯಂತ್ರ ದೂರುವುದಿಲ್ಲ, ಮತ್ತೆ ಸೊನ್ನೆಯಿಂದ ಎಣಿಸಿ 4 ಎಂದು ಇಟ್ಟುಕೊಳ್ಳುತ್ತದೆ. ಅಂದರೆ ಔಷಧ ಹೆಚ್ಚು ಬೇಕಾದ ಹೊತ್ತಿನಲ್ಲೇ ಪಂಪ್ ಬಹುಮಟ್ಟಿಗೆ ನಿಂತುಬಿಡುತ್ತದೆ.

ಗಿರಿಜಾ ಪರದೆ ನೋಡುತ್ತಾ, “ಮಷಿನ್ ಹೊರಗ ಹೋಗ್ಯಾವೇನ್ರಿ ಮೇಡಂ?” ಎಂದಳು.

ಪಂಪ್ ಕಂಪನಿಯ ಮುಖ್ಯ ಇಂಜಿನಿಯರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮೊದಲ ಲಾಟ್ ಪ್ಯಾಕ್ ಆಗಿ ಗೋಡೌನಿನಲ್ಲಿದೆ, ಇನ್ನೂ ಹೊರಟಿಲ್ಲ ಎಂದರು. ಅದೇ ಸಂಜೆ ಅವರಿಗೂ ನಮ್ಮ ಮೇಲಿನವರಿಗೂ ಬರೆದು ಕಳಿಸಿದೆ: ಯಾವ ಮೆಥಡ್ ಖಾಲಿ ಮಾಡಲಾಗಿತ್ತು, ಯಾರು ಮಾಡಿದರು, ಓದದೆ ಒಪ್ಪಿದವಳು ಯಾರು. ನನ್ನ ಹೆಸರು ಬಿಡಲಿಲ್ಲ.

ಆ ಲಾಟ್ ನಿಂತಿತು, ಕೋಡ್ ಸರಿಯಾಯಿತು. ನಮ್ಮ ಮೇಲಿನವರು ಮುರಳೀಧರ್‌ಗೂ ನನಗೂ ಒಂದೇ ಒಕ್ಕಣೆಯ ಎಚ್ಚರಿಕೆ ಪತ್ರ ಕೊಟ್ಟು ಮುಗಿಸಿದರು. ಆರು ತಿಂಗಳ ನಂತರ ವಾರ್ಷಿಕ ಸಭೆ. ಮುರಳೀಧರ್ ವೇದಿಕೆಯ ಮೇಲೆ ನಿಂತು, ನಮ್ಮ ಟೂಲ್ ಪ್ರಾಣಾಪಾಯದ ದೋಷವೊಂದನ್ನು ಹೇಗೆ ಹಿಡಿಯಿತು ಎಂದು ವಿವರಿಸಿದರು. ಸ್ಲೈಡಿನ ಮೇಲೆ 260 ಎಂದು ದಪ್ಪ ಅಕ್ಷರದಲ್ಲಿತ್ತು. ಚಪ್ಪಾಳೆ ಬಿತ್ತು. ಗಿರಿಜಾಳನ್ನು ಫೋಟೋಗೆ ಕರೆದರು. “ನಾ ಒಲ್ಲೆರಿ” ಎಂದು ಕುಳಿತೇ ಇದ್ದಳು. ನಾನು ಎದ್ದು ಹೊರಗೆ ಬಂದೆ. ಮುಂದಿನ ವಾರ ರಾಜೀನಾಮೆ ಕೊಟ್ಟೆ.

ಬಿಡುವ ಮೊದಲು ಟೂಲಿನಲ್ಲಿ ಒಂದು ಬದಲಾವಣೆ ಮಾಡಿದ್ದೆ. ವಿಸಿಟರ್ ಯಾವ ಅಂಶದೊಳಗೆ ಹೋಗಲಿಲ್ಲವೋ ಅದರ ಮುಂದೆ ರಿಪೋರ್ಟಿನಲ್ಲಿ ‘ನೋಡಿಲ್ಲ’ ಎಂದು ಬರಬೇಕು. ತಪ್ಪು ಸಿಗಲಿಲ್ಲ ಎನ್ನುವುದೂ ಹುಡುಕಲಿಲ್ಲ ಎನ್ನುವುದೂ ಕಾಗದದ ಮೇಲೆ ಒಂದೇ ಸೊನ್ನೆಯಾಗಿ ಕಾಣಬಾರದು. ಇದು ಕಂಪನಿಗೆ ಕಲಿಸಲು ಸಾಧ್ಯವಾದ ಪಾಠ.

ನನ್ನ ಪಾಠ ಬೇರೆ. ಈಗ ಬನಶಂಕರಿಯ ಒಂದು ಕಾಲೇಜಿನಲ್ಲಿ ಇದೇ ವಿಷಯ ಹೇಳಿಕೊಡುತ್ತೇನೆ. ಮುರಳೀಧರ್ ಮೇಲಿನ ಅಸಹ್ಯ ಎಷ್ಟೋ ಕಡಿಮೆಯಾಗಿದೆ. ಓದದೆ ಬಟನ್ ಒತ್ತಿದ ನನ್ನ ಬೆರಳಿನ ಮೇಲಿನದು ಹಾಗೇ ಇದೆ. ನಾನು ಗೌರವಿಸುವವರ ಕೋಡ್ ಬಂದಾಗ, ಅದನ್ನೇ ಎಲ್ಲಕ್ಕಿಂತ ನಿಧಾನವಾಗಿ ಓದುತ್ತೇನೆ.