ಎರಡೂವರೆ ಇಂಚಿನ ಪಟ್ಟಿ

ವಿಮಾನ ಕಂಪನಿಯ ಸಮವಸ್ತ್ರ ಹೊಲಿಯುವಾಕೆಯನ್ನು ಎಲ್ಲರೂ ಇಂಚಕ್ಕ ಎನ್ನುತ್ತಿದ್ದರು. ಕೊರಳಲ್ಲಿ ಟೇಪಿಲ್ಲದೆ ಆಕೆಯನ್ನು ಕಂಡವರಿಲ್ಲ. ನಾದಿನಿಯ ಮದುವೆಗೂ ಹಾಗೇ ಹೋಗಿ ನಿಂತಿದ್ದಳೆಂದು ಗಂಡ ಇವತ್ತಿಗೂ ಆಡಿಕೊಳ್ಳುತ್ತಾನೆ. ಕಂಪನಿಯ ಕಟ್ಟಡದ ಹಿಂಬದಿ, ಸಾಮಾನು ಸಾಗಿಸುವ ಲಿಫ್ಟಿನ ಪಕ್ಕದಲ್ಲಿ ಆಕೆಯ ಕೋಣೆ. ಕಿಟಕಿಯಿಲ್ಲ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಾಗಿಲ ಹಿಂದೆ ಆಳೆತ್ತರದ ಕನ್ನಡಿ. ಇಪ್ಪತ್ತಾರು ವರ್ಷ ಗಗನಸಖಿಯರ ಕಡುಗೆಂಪು ಕೋಟುಗಳನ್ನೆಲ್ಲ ಅಲ್ಲೇ ಕತ್ತರಿಸಿ, ಅಲ್ಲೇ ಹೊಲಿದಿದ್ದಳು.

ಕಂಪನಿಗೊಂದು ಹೇಸಿಗೆಯ ನಿಯಮವಿತ್ತು. ಗಗನಸಖಿಯ ಸೊಂಟ ಕೆಲಸಕ್ಕೆ ಸೇರಿದ ದಿನದ ಅಳತೆಗಿಂತ ಎರಡಿಂಚು ಮೀರಿ ಬೆಳೆದರೆ ಅವಳನ್ನು ವಿಮಾನದಿಂದ ಇಳಿಸಿ ಟಿಕೆಟ್ ಕೌಂಟರಿನಲ್ಲಿ ಕೂರಿಸುವುದು. ವರ್ಷಕ್ಕೊಮ್ಮೆ ಅಳೆದು ರಿಜಿಸ್ಟರಿನಲ್ಲಿ ಬರೆಯುವ ಕೆಲಸ ಇಂಚಕ್ಕನದು. ಮೊದಲ ವರ್ಷವೇ ಆಕೆಗೆ ಮೈಯೆಲ್ಲ ಉರಿದುಹೋಗಿತ್ತು. ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಅಳೆಯುವ ಕೆಲಸವೂ ಒಂದು ಕೆಲಸವೇ? ಹಾಗಾಗಿ ಆಕೆ ತನ್ನದೇ ದಾರಿ ಕಂಡುಕೊಂಡಳು. ಟೇಪು ಹೇಳಿದ ಅಳತೆಗೆ ಕೋಟು ಹೊಲಿಯುವುದು, ರಿಜಿಸ್ಟರಿಗೆ ಮಾತ್ರ ಸೇರಿದ ದಿನದ ಅಂಕಿ ಬರೆಯುವುದು. ಹೆರಿಗೆಯಾಗಲಿ, ವಯಸ್ಸಾಗಲಿ, ಇಪ್ಪತ್ತೆಂಟು ಇದ್ದವಳು ರಿಜಿಸ್ಟರಿನಲ್ಲಿ ಇಪ್ಪತ್ತೆಂಟೇ. ಮ್ಯಾನೇಜರ್ ಪ್ರತಿ ಹಾಳೆಯ ಕೆಳಗೆ ‘ಪರಿಶೀಲಿಸಿದ್ದೇನೆ’ ಎಂದು ಸಹಿ ಗೀಚುತ್ತಿದ್ದ. ಅವನು ಕಣ್ಣು ಹಾಯಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿರುವಾಗ ಕಂಪನಿಗೆ ಹೊಸ ಸಮವಸ್ತ್ರದ ಹುಕಿ ಹತ್ತಿತು. ಎಲ್ಲಿಂದಲೋ ಒಬ್ಬ ಡಿಸೈನರ್ ಬಂದ. ಕೋಣೆಯ ಬಾಗಿಲಲ್ಲೇ ನಿಂತು, ಹಳೆಯ ಕೋಟೊಂದನ್ನು ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಒಳಗೆ ಇಣುಕಿದ.

“ಹೊಲಿಗೆ ಒಳಗೆ ಇಷ್ಟೊಂದು ಬಟ್ಟೆ ಯಾಕೆ ಬಿಟ್ಟಿದೀರಾ?”

“ಮೈ ಒಂದೇ ಥರ ಇರಲ್ಲವಲ್ಲಪ್ಪಾ. ಬೇಕಾದಾಗ ಬಿಡಿಸಿಕೊಳ್ಳೋಕೆ.”

“ನನ್ನ ಡಿಸೈನಲ್ಲಿ ಅದೆಲ್ಲ ಬರಲ್ಲ,” ಎಂದು ಅವನು ಬೆರಳು ಒರೆಸಿಕೊಂಡ.

ಆ ಬೆರಳು ಒರೆಸಿಕೊಂಡದ್ದನ್ನು ಇಂಚಕ್ಕ ಮರೆಯಲಿಲ್ಲ. ಮನೆಗೆ ಹೋಗಿ ಗಂಡನ ಮುಂದೆ ಮೂರು ಸಲ ಹೇಳಿದಳು. ಹೊಲಿಗೆಯ ಗುತ್ತಿಗೆ ಹೊರಗಿನ ಕಾರ್ಖಾನೆಗೆ ಹೋಯಿತು. ಅಳತೆಗೆಂದು ಟೇಪು ಹಿಡಿದು ಯಾರೂ ಬರಲಿಲ್ಲ, ಯಾಕೆ ಬರಲಿಲ್ಲವೆಂದು ಆಕೆಗೂ ಹೊಳೆಯಲಿಲ್ಲ. ಪೆಟ್ಟಿಗೆಗಳು ಬಂದು, ಬೂದು ಬಣ್ಣದ ಕೋಟುಗಳ ಮೇಲಿನ ಅಳತೆ ಚೀಟಿ ಓದಿದಾಗ ಗೊತ್ತಾಯಿತು. ಮ್ಯಾನೇಜರ್ ಕಾರ್ಖಾನೆಗೆ ಕೊಟ್ಟದ್ದು ಆಕೆಯ ರಿಜಿಸ್ಟರನ್ನೇ.

ಹಾಕಿ ನೋಡುವ ದಿನ ಹನ್ನೊಂದು ಜನರಿಗೆ ಗುಂಡಿ ಕೂಡಲಿಲ್ಲ. ಎಲ್ಲರಿಗಿಂತ ಮುಂದೆ ನಿಂತಿದ್ದವಳು ಟೀಚರಮ್ಮ. ಇಪ್ಪತ್ತೆರಡು ವರ್ಷ ಹಾರಿದವಳು, ಹೊಸಬರಿಗೆಲ್ಲ ಕೆಲಸ ಕಲಿಸಿದವಳು, ಅದಕ್ಕೇ ಆ ಹೆಸರು. ಎರಡು ಮಕ್ಕಳ ತಾಯಿ. ಅಲ್ಲೇ ಟೇಪು ಹಿಡಿದರೆ ಸೊಂಟ ಮೂವತ್ತಮೂರು.

ಮ್ಯಾನೇಜರ್ ರಿಜಿಸ್ಟರ್ ತೆರೆದ. “ಹೋದ ವರ್ಷ ಇಪ್ಪತ್ತೆಂಟು. ಒಂದೇ ವರ್ಷಕ್ಕೆ ಐದಿಂಚು ಬೆಳೆದಿದೀರಾ? ಒಂದು ತಿಂಗಳು ಟೈಮು. ಇಳಿಸಿ, ಇಲ್ಲಾಂದ್ರೆ ಕೌಂಟರಿಗೆ ಹೋಗಿ.”

“ಸರ್, ಆ ಲೆಕ್ಕ ಸುಳ್ಳು,” ಎಂದಳು ಇಂಚಕ್ಕ. “ಬರೆದಿದ್ದು ನಾನೇ. ಇವಳ ಸೊಂಟ ಮೂವತ್ತಮೂರು ಆಗಿ ಎಂಟು ವರ್ಷ ಆಯ್ತು. ಇವರದೇನೂ ತಪ್ಪಿಲ್ಲ. ಕೆಲಸದಿಂದ ತೆಗೆಯೋದಾದ್ರೆ ನನ್ನ ತೆಗೀರಿ.”

ಅವನು ಹಾಳೆ ತಿರುವಿದ. ಪ್ರತಿ ಹಾಳೆಯ ಕೆಳಗೂ ಅವನದೇ ಸಹಿ. ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿ, “ನಿಮಗೆ ವಯಸ್ಸಾಯ್ತು, ಇಂಚಕ್ಕ. ಮರೆವು. ರಿಜಿಸ್ಟರ್ ಸರಿಯಾಗೇ ಇದೆ,” ಎಂದ.

ಇಂಚಕ್ಕನಿಗೆ ಅವನ ಮುಖದ ಮೇಲೆ ಉಗಿಯಬೇಕೆನಿಸಿತು. ತನ್ನ ಮೇಲೂ ಅಷ್ಟೇ ಅಸಹ್ಯವಾಯಿತು. ಕಾಪಾಡುತ್ತೇನೆಂದು ವರ್ಷವರ್ಷ ಬರೆದ ಅಂಕಿಯೇ ಇವಳ ಕೊರಳು ಹಿಡಿದಿತ್ತು.

ಟೀಚರಮ್ಮ ಅರ್ಧ ಸೇಬು, ನೀರು, ಮತ್ತೆ ನೀರು ಎಂದು ದಿನ ತಳ್ಳಿದಳು. ಹದಿನೈದನೆಯ ದಿನ ಲಿಫ್ಟಿನ ಪಕ್ಕದಲ್ಲೇ ಕುಸಿದು ಕೂತಳು. ಇಂಚಕ್ಕ ಅವಳನ್ನು ಒಳಗೆ ಕರೆತಂದು ಬಿಸಿ ಹಾಲು ಕುಡಿಸಿದಳು. ಹೊಸ ಕೋಟನ್ನು ಬಿಡಿಸೋಣವೆಂದರೆ ಒಳಗೆ ಒಂದು ನೂಲಿನಷ್ಟೂ ಬಟ್ಟೆ ಬಿಟ್ಟಿರಲಿಲ್ಲ. ಆಕೆ ಕಪಾಟಿನಿಂದ ಅವಳ ಹಳೆಯ ಕೋಟನ್ನೇ ತೆಗೆದು ಕತ್ತರಿ ಇಟ್ಟಳು.

“ಕೆಂಪು ಕಾಣುತ್ತೆ, ಇಂಚಕ್ಕ.”

“ಕಾಣಲಿ ಬಿಡೇ. ಬಚ್ಚಿಟ್ಟು ಬಚ್ಚಿಟ್ಟು ತಾನೇ ಈ ಗತಿ ಬಂದಿದ್ದು.”

ಹೊಸ ಕೋಟಿನ ಎರಡು ಬದಿಯನ್ನೂ ಸೀಳಿ, ಕಂಕುಳಿಂದ ಅಂಚಿನವರೆಗೆ ಎರಡೂವರೆ ಇಂಚಿನ ಕಡುಗೆಂಪು ಪಟ್ಟಿ ಕೂಡಿಸಿದಳು. ಗುಂಡಿ ಸಲೀಸಾಗಿ ಕೂತಿತು. ಮಿಕ್ಕ ಹತ್ತು ಜನರೂ ಸಾಲುಗಟ್ಟಿದರು.

ಸಮವಸ್ತ್ರ ಬಿಡುಗಡೆಯ ದಿನ ಮ್ಯಾನೇಜರ್ ಆ ಪಟ್ಟಿಗಳನ್ನು ಕಂಡು ಹಲ್ಲು ಕಡಿದ. ಆದರೆ ಕ್ಯಾಮೆರಾದವರು ಮುತ್ತಿಕೊಂಡದ್ದು ಆ ಹನ್ನೊಂದು ಜನರನ್ನೇ. ಪಟ್ಟಿಯ ಅರ್ಥವೇನೆಂದು ಯಾರೋ ಕೇಳಿದರು. ಡಿಸೈನರ್ ರೆಪ್ಪೆ ಮಿಟುಕಿಸದೆ, “ಹೊಸದರ ಮೈಯಲ್ಲಿ ಹಳೆಯದರ ನೆನಪು. ತುಂಬ ಯೋಚಿಸಿ ಮಾಡಿದ್ದು,” ಎಂದ. ಮ್ಯಾನೇಜರ್ ತಲೆಯಾಡಿಸಿದ. ನಾಚಿಕೆಗೆಟ್ಟವರು ಎಂದುಕೊಂಡಳು ಇಂಚಕ್ಕ. ಹೆಸರು ಯಾರಾದರೂ ತಿನ್ನಲಿ, ಈ ಹೆಣ್ಣುಮಕ್ಕಳು ಅನ್ನ ತಿನ್ನುವಂತಾದರೆ ಸಾಕು. ಎಲ್ಲ ಕೋಟಿಗೂ ಪಟ್ಟಿ ಕಡ್ಡಾಯವೆಂದು ಆದೇಶ ಬಂದ ದಿನ ಟೀಚರಮ್ಮ ಹೊಟ್ಟೆ ತುಂಬ ಉಂಡಳು.

ಆರು ವಾರಕ್ಕೆ ಕಾರ್ಖಾನೆಯಿಂದ ಪಟ್ಟಿಯ ಕೋಟುಗಳು ಬಂದವು. ಇಂಚಕ್ಕ ಹೊಲಿದ ಹನ್ನೊಂದನ್ನು, ಏಕರೂಪವಿರಬೇಕೆಂದು, ಹಿಂದಕ್ಕೆ ಪಡೆದುಕೊಂಡು ಹೋದರು. ಆಕೆ ಟೀಚರಮ್ಮನ ಹೊಸ ಕೋಟನ್ನು ಮಗುಚಿ ಒಳಗೆ ಕೈಯಾಡಿಸಿದಳು. ಬದಿಯನ್ನು ಯಾರೂ ಸೀಳಿರಲಿಲ್ಲ. ಅದೇ ಇಪ್ಪತ್ತೆಂಟರ ಬೂದು ಕೋಟು, ಅದರ ಮೇಲೆ ಪಟ್ಟಿಯನ್ನು ಅಂದಕ್ಕೆಂದು ಹಚ್ಚಿ ಹೊಲಿದಿದ್ದರು. ಅಗಲ ಮಾತ್ರ ಸರಿಯಾಗಿ ಎರಡೂವರೆ ಇಂಚು.

ಟೀಚರಮ್ಮ ತೋಳು ತೂರಿಸಿ ಕನ್ನಡಿಯ ಮುಂದೆ ನಿಂತಳು. ಗುಂಡಿ ಕಾಜಕ್ಕೆ ನಾಲ್ಕು ಬೆರಳು ದೂರದಲ್ಲೇ ಉಳಿಯಿತು.

“ಪಟ್ಟಿ ಚೆನ್ನಾಗಿ ಕೂತಿದೆ, ಇಂಚಕ್ಕ,” ಎಂದಳು. ಕೋಟು ಬಿಚ್ಚಿ ಮಡಿಸಿಟ್ಟಳು. “ಕೌಂಟರಲ್ಲಿ ಕೂರೋರಿಗೆ ಕೋಟು ಕೊಡ್ತಾರಾ?”