ಸೈಫುದ್ದೀನ್ ಬಿಚ್ಚಿಟ್ಟ ಹಸಿರು ಬಟ್ಟೆ

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಹುಮನಾಬಾದ್‌ಗೂ ಬಸವಕಲ್ಯಾಣಕ್ಕೂ ನಡುವಿನ ಗುಡ್ಡದ ಕೆರೆಯಲ್ಲಿ ಸೈಫುದ್ದೀನ್ ಲುಂಗಿ ಎತ್ತಿಕಟ್ಟಿ ಸೊಂಟಮಟ್ಟ ನೀರಿಗೆ ಇಳಿಯುತ್ತಾರೆ. ಕಾಲಿನಿಂದ ತಡವುತ್ತ ಹೋಗಿ ಒಂದು ಕಡೆ ನಿಲ್ಲುತ್ತಾರೆ. ಅಲ್ಲಿಂದ ಮುಂದೆ ನೆಲವಿಲ್ಲ.

ಚಂದದ ಜಾಗ, ಸುಳ್ಳೇಕೆ ಹೇಳಬೇಕು! ಸುತ್ತ ಕೆಂಪು ಬಂಡೆ, ನಡುವೆ ತಿಳಿನೀರು. ರಜೆ ಬಂದರೆ ಸಾಕು, ಬುತ್ತಿ ಕಟ್ಟಿಕೊಂಡು ಮಂದಿ ಗುಡ್ಡ ಏರುತ್ತಾರೆ. ದಂಡೆಯಲ್ಲಿ ಮೊಣಕಾಲಷ್ಟೇ ನೀರು ನೋಡಿ, ಮುಂದೆಯೂ ಹಾಗೆಯೇ ಎಂದುಕೊಳ್ಳುತ್ತಾರೆ. ಅದು ನೀರು ತುಂಬಿದ ಹಳೆಯ ಕಲ್ಲುಗಣಿ.

“ಈ ಗುಂಡಿ ನಾವ ತೋಡೀವ್ರಿ. ಹರೇದಾಗ ಇಲ್ಲೇ ಕಲ್ಲು ಕಡೀತಿದ್ದೆ. ನಮ್ಮ ಕೈಲೆ ಆಗಿದ್ದು, ನಾವ ಕಾಯಬೇಕಲ್ರಿ?” ಎನ್ನುತ್ತಾರೆ. ಅವರನ್ನು ಇಲ್ಲಿ ಯಾರೂ ನೇಮಿಸಿಲ್ಲ. ವಾರವೆಲ್ಲ ಮಾಣಿಕನಗರದಲ್ಲಿ ಗೋಡೆ ಕಟ್ಟುವ ಕೆಲಸ, ಭಾನುವಾರ ಈ ನೀರು.

ಮೊದಲು ಹೀಗೆ ತಾವೇ ನಿಲ್ಲುತ್ತಿರಲಿಲ್ಲ. ಆಳ ಶುರುವಾಗುವಲ್ಲಿ ಬಿದಿರಿನ ಗಳ ನೆಟ್ಟು, ದೂರಕ್ಕೆ ಕಾಣಲಿ ಎಂದು ಮನೆಯಲ್ಲಿದ್ದ ಹಸಿರು ಬಟ್ಟೆ ಕಟ್ಟಿದ್ದರು. ನಮ್ಮ ಕಡೆ ಹಸಿರು ನಿಶಾನೆ ಕಂಡರೆ ಯಾರಾದರೂ ಸುಮ್ಮನೆ ಹೋಗುತ್ತಾರೆಯೇ? ಯಾವುದೋ ಪೀರನ ಜಾಗ ಎಂದು ಕೈಮುಗಿದರು. ದಂಡೆಗೆ ಸಕ್ಕರೆ, ಊದುಬತ್ತಿ ಬಂದವು. ಬೇಡವೆಂದು ಗೋಗರೆದ ಸೈಫುದ್ದೀನರ ಕಾಲಿಗೇ ಕೆಲವರು ಬಿದ್ದರು. ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಕಳೆದ ಬೇಸಿಗೆಯಲ್ಲಿ ಹುಮನಾಬಾದಿನ ಏಕನಾಥ ಎಂಬ ಯುವಕ ಭಕ್ತಿಯಿಂದ ನೀರಿಗಿಳಿದ. ಗಳಕ್ಕೆ ಪ್ರದಕ್ಷಿಣೆ ಹಾಕಲು ಹೋಗಿ ಅದರ ಹಿಂದೆ ಕಾಲಿಟ್ಟ. ಸೈಫುದ್ದೀನ್ ಧುಮುಕಿ, ತಡಕಾಡಿ ಹೊರತಂದಾಗ ಉಸಿರಿರಲಿಲ್ಲ. ಅಂದೇ ಗಳ ಕಿತ್ತು, ಬಟ್ಟೆ ಬಿಚ್ಚಿಟ್ಟರು.

“ದೂರ ಇರ್ರಿ ಅಂತ ಕಟ್ಟಿದ್ದೆ. ಅದ ಅವನ್ನ ಕರಕೊಂಡು ಹೋತು” ಎನ್ನುತ್ತಾರೆ. ಬಣ್ಣ ಬದಲಿಸಬಹುದಿತ್ತಲ್ಲ? “ಕೆಂಪು ಕಟ್ಟಿದರ ದೇವಿ ಅಂತಾರ, ಕಾವಿ ಕಟ್ಟಿದರ ಮಠ ಅಂತಾರ. ಯಾವ ಬಣ್ಣ ಕಟ್ಟಲಿ ಹೇಳ್ರಿ?”

ಏಕನಾಥನ ತಾಯಿ ಶಕುಂತಲಾಬಾಯಿ ಒಮ್ಮೆ ಗುಡ್ಡ ಹತ್ತಿ ಬಂದು, “ಭಾಯಿ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ” ಎಂದರಂತೆ. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತು ಎಂದು ಇವರಿಗೆ ಇಂದಿಗೂ ಅನಿಸುತ್ತದೆ. ಆ ತಾಯಿಯ ಎದುರು ಎತ್ತದ ತಲೆ ಇನ್ನೂ ಎದ್ದಿಲ್ಲ.

ಈಗ ಸಂಜೆಯವರೆಗೂ ನೀರಿನಲ್ಲೇ ನಿಂತು, ಹತ್ತಿರ ಬಂದವರಿಗೆಲ್ಲ ಬಾಯಿಗೆ ಬಂದಂತೆ ಬೈಯುತ್ತಾರೆ. ಒಳ್ಳೆಯ ಮಾತಾಡಿದರೆ ಮಂದಿ ತಮ್ಮನ್ನೇ ಸಂತ ಎಂದುಕೊಂಡಾರು ಎಂಬ ಭಯ. ಮೊಣಕಾಲು ಹಿಡಿದುಕೊಂಡಿವೆ, ರಾತ್ರಿ ಹೆಂಡತಿ ಅಸ್ಗರಿ ಎಣ್ಣೆ ಕಾಯಿಸಿ ತಿಕ್ಕುತ್ತಾರೆ.

“ಆಕಿಗೆ ಒಂದ ಮಾತು ಹೇಳೀನ್ರಿ” ಎನ್ನುತ್ತಾರೆ ಸೈಫುದ್ದೀನ್. “ನಾ ಸತ್ತರ ಈ ಗುಡ್ಡದ ಸನೇಕ ಮಣ್ಣು ಮಾಡಬ್ಯಾಡ. ಮಂದಿ ಕೈಮುಗಿಯಾಕ ಬರ್ತಾರ.”